ನಿಮಗಿದು ಗೊತ್ತೆ? ಗಣಿತ ಪಠ್ಯಕ್ಕಾಗಿ ಇಡೀ ಪುಟದ ಪತ್ರ

1999ರ ಅಕ್ಟೋಬರ್‌ನಲ್ಲಿ ಅಮೆರಿಕದ ಶಿಕ್ಷಣ ಇಲಾಖೆ ಹತ್ತು ಗಣಿತ ಪಠ್ಯಕ್ರಮಗಳನ್ನು ‘ಮಾದರಿ’ ಇಲ್ಲವೇ ‘ಭರವಸೆಯ’ ಪಠ್ಯಗಳೆಂದು ಘೋಷಿಸಿತು. ಮರುತಿಂಗಳೇ, ನವೆಂಬರ್ 18ರಂದು, ‘ವಾಷಿಂಗ್ಟನ್ ಪೋಸ್ಟ್’ನ ಇಡೀ ಪುಟದಲ್ಲಿ ಶಿಕ್ಷಣ ಕಾರ್ಯದರ್ಶಿ ರಿಚರ್ಡ್ ರೈಲಿ ಅವರಿಗೆ ಬಹಿರಂಗ ಪತ್ರವೊಂದು ಜಾಹೀರಾತಾಗಿ ಬಂತು. ಸಹಿ ಹಾಕಿದವರು ಗಣಿತಜ್ಞರು ಸೇರಿದಂತೆ 200ಕ್ಕೂ ಹೆಚ್ಚು ಮಂದಿ. ಅವರಲ್ಲಿ ನೊಬೆಲ್ ಪುರಸ್ಕೃತರೂ ಇದ್ದರು. ಬೇಡಿಕೆ ಒಂದೇ: ಈ ಘೋಷಣೆ ಹಿಂಪಡೆಯಿರಿ.

ತಕರಾರು ಏನು? ಲೆಕ್ಕದ ದಾರಿಯನ್ನು ಮಕ್ಕಳೇ ಹುಡುಕಿಕೊಳ್ಳಲಿ ಎಂಬ ಆಸೆಯಲ್ಲಿ, ಈ ಪಠ್ಯಗಳಲ್ಲಿ ದಶಕ ತೆಗೆದುಕೊಂಡು ಕೂಡುವಂಥ ರೂಢಿಯ ಕ್ರಮಗಳು ಹಿಂದೆ ಸರಿದಿದ್ದವು, ಕ್ಯಾಲ್ಕುಲೇಟರ್ ಮುಂದೆ ಬಂದಿತ್ತು. ಮಾಧ್ಯಮಿಕ ತರಗತಿಗಳ ಒಂದು ಪಠ್ಯದಲ್ಲಂತೂ ಭಿನ್ನರಾಶಿಗಳ ಭಾಗಾಕಾರವೇ ಇರಲಿಲ್ಲ. ಮುಕ್ಕಾಲನ್ನು ಕಾಲರಿಂದ ಭಾಗಿಸಿದರೆ ಮೂರು ಬರುತ್ತದೆ ಎಂದು ತಿಳಿಯದ ಮಗುವಿಗೆ ಮುಂದೆ ಬೀಜಗಣಿತ ಒಲಿಯುವುದು ಹೇಗೆ? ಗಣಿತಜ್ಞರ ಆತಂಕ ನ್ಯಾಯವಾದದ್ದೇ. ಅರ್ಥವಿಲ್ಲದ ಬಾಯಿಪಾಠಕ್ಕೆ ಬೇಸತ್ತು ಈ ಪಠ್ಯಗಳ ಪರ ನಿಂತಿದ್ದ ಶಿಕ್ಷಕರ ಮಾತಿನಲ್ಲೂ ಹುರುಳಿತ್ತು. ರೈಲಿ ಹಿಂದೆ ಸರಿಯಲಿಲ್ಲ.

ಪತ್ರದ ಹಿಂದಿದ್ದ ಪ್ರಮುಖರಲ್ಲಿ ಗಣಿತಜ್ಞ ರಿಚರ್ಡ್ ಆಸ್ಕಿ ಒಬ್ಬರು. ಶ್ರೀನಿವಾಸ ರಾಮಾನುಜನ್ ಅವರ ಪತ್ನಿ ಜಾನಕಿ ಅಮ್ಮಾಳ್ ಅವರಿಗೆ ಗಂಡನ ಕಂಚಿನ ಪುತ್ಥಳಿ ತಲುಪುವಂತೆ ಗಣಿತಜ್ಞರಿಂದ ಹಣ ಕೂಡಿಸಿದವರು ಇವರೇ.