ಆಸ್ಪತ್ರೆಯಲ್ಲೇ ಅಂಟುವ ನ್ಯುಮೋನಿಯಾ

‘ನಾವು ಸೇರಿಸಿದ್ದು ಲಕ್ವ ಹೊಡೆದಿದೆ ಅಂತ. ಈಗ ನ್ಯುಮೋನಿಯಾ ಇರಬಹುದು ಅಂತೀರಿ. ಇದೆಯೋ ಇಲ್ಲವೋ ಹೇಳಿ ಡಾಕ್ಟ್ರೇ!’

ತೀವ್ರ ನಿಗಾ ಘಟಕದ ಬಾಗಿಲಲ್ಲಿ ರೋಗಿಯ ಮಗನೋ ಮಗಳೋ ಹೀಗೆ ಕೇಳುವುದುಂಟು. ಅವರ ಸಿಟ್ಟು ಸಹಜವೇ. ಆದರೆ ಆ ‘ಇರಬಹುದು’ ಎಂಬುದು ನುಣುಚಿಕೊಳ್ಳಲು ಆಡಿದ ಮಾತಲ್ಲ.

ಆಸ್ಪತ್ರೆಗೆ ಸೇರಿ 48 ಗಂಟೆ ಕಳೆದ ಮೇಲೆ ಕಾಣಿಸಿಕೊಂಡ ನ್ಯುಮೋನಿಯಾವನ್ನು ಅಲ್ಲಿಯೇ ತಗುಲಿದ್ದೆಂದು ಪರಿಗಣಿಸುತ್ತಾರೆ. ಪ್ರಜ್ಞೆ ಇಲ್ಲದೆ ಮಲಗಿದವರಿಗೆ ಕೆಮ್ಮಿ ಕಫ ಹೊರಹಾಕುವ ಶಕ್ತಿ ಇರುವುದಿಲ್ಲ. ವೆಂಟಿಲೇಟರ್‌ಗಾಗಿ ಶ್ವಾಸನಾಳಕ್ಕೆ ನಳಿಕೆ ಹಾಕಿದ್ದರೆ, ರೋಗಾಣು ತುಂಬಿದ ಎಂಜಲು ಅದರ ಪಕ್ಕದಿಂದ ಹನಿಹನಿಯಾಗಿ ಒಳಗೆ ಜಾರುತ್ತದೆ.

ಪತ್ತೆ ಹೇಗೆ? ಎದೆಯ ಎಕ್ಸ್‌ರೇಯಲ್ಲಿ ಹೊಸದಾಗಿ ಬಿಳಿ ಕಲೆ ಕಾಣಬೇಕು. ಜೊತೆಗೆ ಜ್ವರ, ಕೀವಿನಂಥ ಕಫ, ರಕ್ತದ ಬಿಳಿಕಣಗಳಲ್ಲಿ ಏರುಪೇರು ಈ ಮೂರರಲ್ಲಿ ಎರಡಾದರೂ ಇರಬೇಕು. ಓದಲು ಸುಲಭ! ಆದರೆ ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬಿದರೂ ಬಿಳಿ ಕಲೆ ಕಾಣುತ್ತದೆ. ಕಫ ಕಟ್ಟಿ ಶ್ವಾಸಕೋಶದ ಒಂದು ಭಾಗ ಮುದುಡಿದರೂ ಕಾಣುತ್ತದೆ. ಮಲಗಿದಲ್ಲೇ ತೆಗೆದ ಎಕ್ಸ್‌ರೇ ಅಷ್ಟು ಸ್ಪಷ್ಟವಾಗಿಯೂ ಇರದು. ಜ್ವರವಂತೂ ಮೂತ್ರದ ಸೋಂಕಿನಿಂದ, ಕೆಲವೊಮ್ಮೆ ಕೊಟ್ಟ ಔಷಧಿಯಿಂದಲೂ ಬರಬಹುದು. ವಯಸ್ಸಾದವರಲ್ಲಿ ನ್ಯುಮೋನಿಯಾ ಇದ್ದೂ ಜ್ವರ ಬಾರದಿರಬಹುದು.

ಹಾಗಾದರೆ ಕಫ ಪರೀಕ್ಷಿಸಿದರಾಯಿತಲ್ಲ ಎನ್ನುತ್ತೀರಿ. ಪರೀಕ್ಷಿಸುತ್ತೇವೆ. ಕಫದಲ್ಲಿನ ರೋಗಾಣುವನ್ನು ಬೆಳೆಸಿ ಗುರುತಿಸಲು ಎರಡು ಮೂರು ದಿನ ಹಿಡಿಯುತ್ತದೆ. ಸಿಕ್ಕ ರೋಗಾಣುವೇ ಅಪರಾಧಿ ಎನ್ನುವಂತೆಯೂ ಇಲ್ಲ. ನಳಿಕೆಯಲ್ಲಿ ಸುಮ್ಮನೆ ಬೀಡುಬಿಟ್ಟ ರೋಗಾಣುಗಳೂ ಇರುತ್ತವೆ.

ಶ್ವಾಸಕೋಶದೊಳಕ್ಕೆ ದುರ್ಬೀನು ಇಳಿಸಿ ನೋಡುವ ದೊಡ್ಡ ಪರೀಕ್ಷೆಯನ್ನೇ ಮಾಡಿಸಿ ಎಂದು ಕೆಲವರು ಪಟ್ಟು ಹಿಡಿಯುತ್ತಾರೆ. ಕೆನಡಾ ಮತ್ತು ಅಮೆರಿಕದ 28 ತೀವ್ರ ನಿಗಾ ಘಟಕಗಳಲ್ಲಿ, ವೆಂಟಿಲೇಟರ್‌ನಲ್ಲಿದ್ದ 740 ರೋಗಿಗಳ ಮೇಲೆ ನಡೆದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ದುರ್ಬೀನು ಇಳಿಸಿ ಮಾದರಿ ತೆಗೆದವರಿಗೂ ನಳಿಕೆಯಿಂದಲೇ ಕಫ ಹೀರಿ ಪರೀಕ್ಷಿಸಿದವರಿಗೂ ಸಾವಿನ ಪ್ರಮಾಣದಲ್ಲಿ ವ್ಯತ್ಯಾಸವೇನೂ ಕಾಣಲಿಲ್ಲ. ಕೆಲವರಿಗೆ ದುರ್ಬೀನು ಬೇಕಾಗುತ್ತದೆ, ನಿಜ, ಎಲ್ಲರಿಗೂ ಅಲ್ಲ.

ಆದ್ದರಿಂದ ಸಂಶಯ ಬಲವಾಗಿದ್ದರೆ ಮೊದಲು ಕಫದ ಮಾದರಿ ತೆಗೆದುಕೊಂಡು, ವರದಿಗೆ ಕಾಯದೆ ಆಂಟಿಬಯಾಟಿಕ್ ಶುರುಮಾಡುತ್ತೇವೆ. ಕಾದರೆ ಜೀವಕ್ಕೇ ಅಪಾಯ. ವರದಿ ಬಂದ ಮೇಲೆ ಔಷಧಿ ಬದಲಾಗಬಹುದು, ಕಡಿಮೆಯಾಗಬಹುದು, ನಿಂತೂ ಹೋಗಬಹುದು. ‘ದುಬಾರಿ ಇಂಜೆಕ್ಷನ್ ನಿಲ್ಲಿಸಿದರು, ಕೈಬಿಟ್ಟರು’ ಎಂದು ಆಗ ಗಾಬರಿಯಾಗಬೇಡಿ. ಸುಧಾರಿಸುತ್ತಿರುವ ಬಹುಪಾಲು ರೋಗಿಗಳಿಗೆ ಏಳು ದಿನದ ಔಷಧಿ ಸಾಕು. ಅನಗತ್ಯವಾಗಿ ಮುಂದುವರಿಸಿದರೆ ಕ್ಲೆಬ್ಸಿಯೆಲ್ಲಾ, ಅಸಿನೆಟೊಬ್ಯಾಕ್ಟರ್‌ನಂಥ ರೋಗಾಣುಗಳು ಔಷಧಿಗೇ ಬಗ್ಗದಂತಾಗುತ್ತವೆ.

ಇಲ್ಲಿ ನಿಮ್ಮ ಪಾತ್ರವೂ ಇದೆ. ಮನೆಯಲ್ಲಿರುವ ಹಳೆಯ ಎಕ್ಸ್‌ರೇಗಳನ್ನು ತಂದುಕೊಡಿ. ಕಲೆ ಹೊಸದೋ ಹಳೆಯದೋ ತಿಳಿಯುವುದು ಅವುಗಳಿಂದಲೇ. ಆಸ್ಪತ್ರೆಗೆ ಬರುವ ಮುಂಚೆ ಅಂಗಡಿಯಿಂದ ತಂದು ನುಂಗಿಸಿದ ಮಾತ್ರೆಗಳಿದ್ದರೆ ಮುಚ್ಚಿಡಬೇಡಿ. ಅವು ಕಫದ ವರದಿಯ ದಿಕ್ಕನ್ನೇ ತಪ್ಪಿಸಬಲ್ಲವು. ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಕೈ ತೊಳೆಯಿರಿ. ಬಾಯಾರಿದೆ ಎಂದು ಸನ್ನೆ ಮಾಡಿದರೂ ನರ್ಸ್‌ನ್ನು ಕೇಳದೆ ರೋಗಿಯ ಬಾಯಿಗೆ ಒಂದು ಚಮಚ ನೀರನ್ನೂ ಹಾಕಬೇಡಿ.