ಹಾಸನದ ಬಯಲಿಗೂ ಬೇಕು ಸಂರಕ್ಷಣೆ: ಬಂಡೆ, ಕಾವಲು, ಕುರುಚಲು ಕಾಡುಗಳ ಸಸ್ಯಸಂಪತ್ತು

ಹಾಸನ ಜಿಲ್ಲೆಯ ಪಶ್ಚಿಮದಂಚಿನ ಬಿಸಿಲೆ ಘಟ್ಟಕ್ಕೂ ಪೂರ್ವದ ಚನ್ನರಾಯಪಟ್ಟಣದ ಬಯಲಿಗೂ ನಡುವಣ ನೇರ ದೂರ ನೂರು ಕಿಲೊಮೀಟರಿಗಿಂತ ಕಡಿಮೆ. ಆದರೂ ಘಟ್ಟದ ನೆತ್ತಿಯಲ್ಲಿ ವರ್ಷಕ್ಕೆ ಹಲವು ಸಾವಿರ ಮಿಲಿಮೀಟರ್ ಸುರಿಯುವ ಮಳೆ ಪೂರ್ವಕ್ಕೆ ಬರುಬರುತ್ತ ಇಳಿದು, ಚನ್ನರಾಯಪಟ್ಟಣವನ್ನು ಮುಟ್ಟುವ ಹೊತ್ತಿಗೆ ಸುಮಾರು 700 ಮಿಲಿಮೀಟರಿಗೆ ಬಂದು ನಿಲ್ಲುತ್ತದೆ. ಈ ಇಳಿಜಾರಿನ ಉದ್ದಕ್ಕೂ ನಿತ್ಯಹರಿದ್ವರ್ಣ ಕಾಡು, ಶೋಲೆ, ಎಲೆ ಉದುರುವ ಕಾಡು, ನದೀದಂಡೆ, ಕುರುಚಲು ಕಾಡು, ಹುಲ್ಲುಗಾವಲು, ಬೋಳುಬಂಡೆ ಹೀಗೆ ನೆಲೆಗಳು ಒಂದರ ಹಿಂದೊಂದು ಬದಲಾಗುತ್ತ ಹೋಗುತ್ತವೆ. ಒಂದು ಸಸ್ಯವೋ ಪ್ರಾಣಿಯೋ ಹುಟ್ಟಿ ಬೆಳೆದು ಸಂತತಿ ಮುಂದುವರಿಸಲು ಬೇಕಾದ ಮಣ್ಣು, ನೀರು, ಬೆಳಕು ಮತ್ತು ಒಡನಾಡಿ ಜೀವಿಗಳೆಲ್ಲ ಕೂಡಿದ ತಾಣವನ್ನು ವಿಜ್ಞಾನಿಗಳು ಆವಾಸ ಎನ್ನುತ್ತಾರೆ. ಸಸ್ಯವೊಂದನ್ನು ಉಳಿಸುವುದೆಂದರೆ ಮೂಲತಃ ಅದರ ಆವಾಸವನ್ನು ಉಳಿಸುವುದೇ ಆಗಿದ್ದು, ಕಿತ್ತು ತಂದು ಕುಂಡದಲ್ಲಿ ನೆಟ್ಟ ಗಿಡಕ್ಕೆ ಜೀವವಿರಬಹುದಾದರೂ ಅದರ ಪರಾಗ ಸಾಗಿಸುವ ಕೀಟವಾಗಲಿ, ಬೀಜ ಹರಡುವ ಹಕ್ಕಿಯಾಗಲಿ, ಬೇರಿಗೆ ಆಸರೆಯಾದ ಶಿಲೀಂಧ್ರವಾಗಲಿ ಅದರ ಜೊತೆಗೆ ಬರುವುದಿಲ್ಲ.

ಈ ವೈವಿಧ್ಯದ ದಾಖಲೆಯ ವಿಷಯದಲ್ಲಿ ಹಾಸನ ಬಹು ಅದೃಷ್ಟವಂತ ಜಿಲ್ಲೆ. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನಲ್ಲಿದ್ದ ಜೆಸುಯಿಟ್ ಪಾದ್ರಿ ಮತ್ತು ಸಸ್ಯವಿಜ್ಞಾನಿ ಸೆಸಿಲ್ ಜೆ. ಸಲ್ಡಾನಾ ಅವರು ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ಡ್ಯಾನ್ ಎಚ್. ನಿಕೋಲ್ಸನ್ ಅವರೊಡನೆ ಸಂಪಾದಿಸಿದ ‘ಫ್ಲೋರಾ ಆಫ್ ಹಾಸನ್ ಡಿಸ್ಟ್ರಿಕ್ಟ್’ ಎಂಬ ಬೃಹತ್ ಗ್ರಂಥವು 1976ರಲ್ಲಿ ಪ್ರಕಟವಾಯಿತು. ಒಂದು ಪ್ರದೇಶದಲ್ಲಿ ಬೆಳೆಯುವ ಸಸ್ಯಗಳನ್ನೆಲ್ಲ ಗುರುತಿಸಿ, ಲಕ್ಷಣಗಳನ್ನು ವಿವರಿಸಿ, ಎಲ್ಲಿ ಸಿಕ್ಕಿದವೆಂಬುದನ್ನು ನಮೂದಿಸುವ ಇಂತಹ ಕೃತಿಯನ್ನು ಸಸ್ಯಕೋಶ ಎನ್ನಬಹುದು. ಹಳ್ಳಿ ಹಳ್ಳಿ ತಿರುಗಿ ಸಂಗ್ರಹಿಸಿದ ಮಾದರಿಗಳನ್ನು ಒಣಗಿಸಿ, ಕಾಗದಕ್ಕೆ ಅಂಟಿಸಿ, ಸ್ಥಳ ಮತ್ತು ದಿನಾಂಕ ಬರೆದಿಡುವ ಸಸ್ಯಸಂಗ್ರಹವೇ ಅದರ ಅಡಿಪಾಯ. ಸಲ್ಡಾನಾ ಅವರು ಕಟ್ಟಿದ ಸಂಗ್ರಹ ಈಗ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದ ವಶದಲ್ಲಿದೆ. ಅವರು 1974ರಲ್ಲಿ ಆರ್ಕಿಡ್ ಅಥವಾ ಸೀತಾಳೆ ದಂಡೆಯ ಕುಟುಂಬಕ್ಕೆ ಸೇರಿದ ಹೊಸ ಕುಲವೊಂದನ್ನು ವಿವರಿಸಿ, ಸ್ಮಿತ್‌ಸೋನಿಯನ್ ಸಂಸ್ಥೆಯ ಗೌರವಾರ್ಥ ಅದಕ್ಕೆ ಸ್ಮಿತ್‌ಸೋನಿಯ ಎಂದು ಹೆಸರಿಟ್ಟರು. ಮುಂದೆ ಇಡೀ ರಾಜ್ಯದ ಸಸ್ಯಗಳನ್ನು ಕುರಿತ ‘ಫ್ಲೋರಾ ಆಫ್ ಕರ್ನಾಟಕ’ದ ಸಂಪುಟಗಳನ್ನು 1984ರಲ್ಲಿಯೂ 1996ರಲ್ಲಿಯೂ ಹೊರತಂದ ಅವರ ಕೆಲಸಕ್ಕೆ ಹಾಸನವೇ ಮೊದಲ ಪಾಠಶಾಲೆಯಾಗಿತ್ತು.

ಹಾಸನದ ಸಸ್ಯಕೋಶ ಪ್ರಕಟವಾದ ಕಾಲಕ್ಕೆ ವಿಶೇಷ ಮಹತ್ವವಿದೆ. ಗೊರೂರಿನಲ್ಲಿ ಹೇಮಾವತಿಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟು ಮುಗಿದದ್ದು 1979ರಲ್ಲಿ. ಸುಮಾರು ಎಂಟೂವರೆ ಸಾವಿರ ಹೆಕ್ಟೇರ್ ನೆಲವನ್ನು ಆವರಿಸಿದ ಅದರ ಹಿನ್ನೀರಿಗೆ ಹಳ್ಳಿಗಳೂ ಗದ್ದೆಗಳೂ ತೋಪುಗಳೂ ಸೇರಿದುವು. ಶೆಟ್ಟಿಹಳ್ಳಿಯಲ್ಲಿ 19ನೆಯ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ರೋಸರಿ ಚರ್ಚು ಆ ಮುಳುಗಡೆಯ ಕಣ್ಣಿಗೆ ಕಾಣುವ ಗುರುತಾಗಿ ಉಳಿಯಿತು. ಮಳೆಗಾಲದಲ್ಲಿ ಅರ್ಧ ಮುಳುಗಿ ಬೇಸಗೆಯಲ್ಲಿ ಹೊರಬರುವ ಆ ಗೋಡೆಗಳನ್ನು ನೋಡಲು ನಾಡಿನ ಮೂಲೆ ಮೂಲೆಗಳಿಂದ ಜನ ಬರುತ್ತಾರೆ. ಆದರೆ ಅದರೊಡನೆ ಮುಳುಗಿದ ನದೀದಂಡೆಯ ಆವಾಸಕ್ಕೆ ಅಂತಹ ಗುರುತಾವುದೂ ಇಲ್ಲ. ಪಶ್ಚಿಮಘಟ್ಟದ ಹೊಳೆಗಳಲ್ಲಿ ನೀರು ಭೋರ್ಗರೆದು ಹರಿಯುವ ಬಂಡೆಗಳಿಗೆ ಅಂಟಿಕೊಂಡು ಬೆಳೆಯುವ, ನೀರು ಇಳಿದು ಬಂಡೆ ತೆರೆದುಕೊಂಡಾಗ ಮಾತ್ರ ಹೂಬಿಡುವ ಪೊಡೊಸ್ಟೆಮೇಸೀ ಎಂಬ ವಿಲಕ್ಷಣ ಸಸ್ಯಕುಟುಂಬವಿದೆ. ಹಾವಸೆಯಂತೆ ತೋರುವ ಈ ಹೂಬಿಡುವ ಸಸ್ಯಗಳು ಹರಿವನ್ನೇ ನಂಬಿ ಬದುಕುವುದರಿಂದ ನಿಂತ ನೀರಿನ ಆಳದಲ್ಲಿ ಉಳಿಯಲಾರವು. ಅಣೆಕಟ್ಟು ಯಾವ ಕಣಿವೆಯಲ್ಲಿ ಏಳಲಿ, ಹರಿವಿನ ಲಯ ತಪ್ಪಿದೊಡನೆ ಇಂತಹ ಸಸ್ಯಗಳ ಬಾಳು ಅಲ್ಲಿಗೆ ಮುಗಿಯುತ್ತದೆ. ಹೇಮಾವತಿಯ ನೀರಿನಿಂದ ಲಕ್ಷಾಂತರ ಎಕರೆಗೆ ಬೆಳೆ ದೊರೆತದ್ದು ನಿಜ, ಆ ಉಪಕಾರವನ್ನು ಯಾರೂ ಅಲ್ಲಗಳೆಯಬೇಕಾಗಿಲ್ಲ. ಆದರೆ ಕೊಟ್ಟದ್ದರ ಲೆಕ್ಕವಿಟ್ಟಂತೆ ಕಳೆದದ್ದರ ಲೆಕ್ಕವನ್ನೂ ಇಡಬೇಕಾಗಿದ್ದು, ಜಲಾಶಯ ತುಂಬುವ ಮುನ್ನ ಜಿಲ್ಲೆ ಹೇಗಿತ್ತೆಂಬುದನ್ನು ಬಲ್ಲ ಸಾಕ್ಷಿಯೆಂದರೆ ಆ ಸಸ್ಯಕೋಶವೇ.

ಜಿಲ್ಲೆಯ ಪಶ್ಚಿಮಭಾಗದ ಸ್ಥಿತಿ ಹೋಲಿಕೆಯಲ್ಲಿ ಉತ್ತಮ. ಸಾಲುಧೂಪ, ನಾಗಸಂಪಿಗೆ, ಬಲಗಿಯಂತಹ ಹೆಮ್ಮರಗಳೂ ಸಿಂಗಳೀಕವೂ ಇರುವ ಬಿಸಿಲೆ ಮೀಸಲು ಅರಣ್ಯವು ಕೊಡಗಿನ ಪುಷ್ಪಗಿರಿ ವನ್ಯಜೀವಿಧಾಮಕ್ಕೆ ಹೊಂದಿಕೊಂಡಿದೆ. 1987ರಲ್ಲಿ ಘೋಷಿತವಾದ ಪುಷ್ಪಗಿರಿ 2012ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮಘಟ್ಟದ 39 ತಾಣಗಳಲ್ಲಿ ಒಂದು. ಸಕಲೇಶಪುರದ ಕೆಂಪುಹೊಳೆ ಕಾಡಿನ ಗುಂಡ್ಯದಿಂದ ವಿವರಿಸಲ್ಪಟ್ಟ ಕಪ್ಪೆಯೊಂದು ಇಂದಿಗೂ ಇಂಡಿರಾನ ಗುಂಡಿಯ ಎಂಬ ಹೆಸರಿನಲ್ಲಿ ಆ ಊರನ್ನು ಹೊತ್ತಿದೆ. ಅದೇ ಗುಂಡ್ಯ ಕಣಿವೆಯಲ್ಲಿ ಯೋಜಿಸಿದ್ದ ಜಲವಿದ್ಯುತ್ ಕಾಮಗಾರಿಗೆ ಅನುಮತಿ ಕೊಡಬಾರದೆಂದು ಮಾಧವ ಗಾಡ್ಗೀಳ್ ನೇತೃತ್ವದ ಸಮಿತಿ 2011ರ ವರದಿಯಲ್ಲಿ ಸ್ಪಷ್ಟವಾಗಿ ಹೇಳಿತು. ಅಪಾಯಗಳು ಅಲ್ಲಿಯೂ ಇವೆ. ಆದರೆ ಅಲ್ಲಿ ಕಾಡಿಗೆ ಕಾಡೆಂಬ ಮನ್ನಣೆಯಾದರೂ ಇದೆ, ಅದರ ಪರವಾಗಿ ನ್ಯಾಯಾಲಯದಲ್ಲಿ, ಪತ್ರಿಕೆಗಳಲ್ಲಿ ಮಾತಾಡುವವರಿದ್ದಾರೆ.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಬಯಲುಸೀಮೆಯ ನೆಲೆಗಳಿಗೆ ಆ ಮನ್ನಣೆ ದೊರೆತಿಲ್ಲ. ಇಲ್ಲಿನ ಬಂಡೆಗುಡ್ಡವನ್ನೇ ನೋಡಬಹುದು. ಸುತ್ತಲಿನ ಬಯಲಿನಿಂದ ಒಮ್ಮೆಗೇ ಎದ್ದು ನಿಂತ, ಕೋಟ್ಯಂತರ ವರ್ಷಗಳ ಸವೆತವನ್ನು ತಾಳಿಕೊಂಡು ಉಳಿದ ಇಂತಹ ಗುಡ್ಡಗಳ ಮೈಮೇಲೆ ಹಗಲು ಬಿಸಿಲಿಗೆ ಬಂಡೆ ಕಾದು ಸುಡುತ್ತದೆ, ಬಿದ್ದ ಮಳೆ ನಿಲ್ಲದೆ ಹರಿದುಹೋಗುತ್ತದೆ, ಮಣ್ಣು ಇರುವುದು ಗೇಣಗಲದ ಗುಳಿಗಳಲ್ಲಿ ಮಾತ್ರ. ಅಷ್ಟು ಕಷ್ಟದ ನೆಲೆಯನ್ನು ಒಗ್ಗಿಸಿಕೊಂಡ ಸಸ್ಯಗಳು ಬೇರೆಡೆ ಸುಲಭವಾಗಿ ಕಾಣಸಿಗುವುದಿಲ್ಲ. ದಕ್ಷಿಣ ಕರ್ನಾಟಕದ ಇಂತಹ ಬಂಡೆಗಳ ಮೇಲೆ ಮಳೆಗಾಲದ ಕೆಲವೇ ವಾರ ನಿಲ್ಲುವ ನೀರಿನ ಗುಳಿಗಳ ಅಂಚಿನಲ್ಲಿ ಸಾರಜನಕದ ಕೊರತೆಯನ್ನು ಕೀಟ ಹಿಡಿದು ತುಂಬಿಸಿಕೊಳ್ಳುವ ಡ್ರೋಸೆರ ಮತ್ತು ಯುಟ್ರಿಕ್ಯುಲೇರಿಯ ಗಿಡಗಳು ಹೂಬಿಡುತ್ತವೆ. ಬೇಸಗೆಯುದ್ದಕ್ಕೂ ಸತ್ತಂತೆ ಮುದುರಿ ಬಿದ್ದು ಮೊದಲ ಮಳೆಗೆ ಮತ್ತೆ ಹಸಿರಾಗುವ ಹುಲ್ಲುಗಳಿವೆ. ಬಂಡೆಗಳ ಸಂದಿನಲ್ಲಿ ಬೇರಿಳಿಸುವ ಮಾಕಳಿಬೇರಿನ ಬಳ್ಳಿ ಭಾರತದ ಪರ್ಯಾಯದ್ವೀಪವನ್ನು ಬಿಟ್ಟು ಜಗತ್ತಿನಲ್ಲಿ ಬೇರೆಲ್ಲಿಯೂ ತಾನಾಗಿ ಬೆಳೆಯುವುದಿಲ್ಲ. ಹೀಗೆ ಒಂದು ಸೀಮಿತ ಪ್ರದೇಶಕ್ಕಷ್ಟೇ ಸೇರಿದ ಜೀವಿಯನ್ನು ಸ್ಥಾನೀಯ ಪ್ರಭೇದ ಎನ್ನುತ್ತಾರೆ. ಉಪ್ಪಿನಕಾಯಿಗೆಂದು ಅದರ ಗೆಡ್ಡೆಬೇರನ್ನು ಬುಡಸಮೇತ ಅಗೆಯುವುದರಿಂದ ಆ ಬಳ್ಳಿ ಅಳಿವಿನಂಚಿಗೆ ಬಂದಿದೆ. ಮನೆಮನೆಯ ಭರಣಿಯಲ್ಲಿ ಪರಿಚಿತವಾದ ಸಸ್ಯವೊಂದು ಗುಡ್ಡದಲ್ಲಿ ಇಲ್ಲವಾಗುತ್ತಿರುವುದು ತೀರ ಕಳವಳದ ಸಂಗತಿ. ಇದರ ಮೇಲೆ ಕಲ್ಲುಗಣಿಗಾರಿಕೆ ಗುಡ್ಡವನ್ನೇ ಇಲ್ಲವಾಗಿಸುತ್ತದೆ, ಸುಟ್ಟ ಕಾಡು ಮತ್ತೆ ಚಿಗುರಬಹುದು, ಆದರೆ ಒಡೆದು ಜಲ್ಲಿಯಾದ ಬಂಡೆಗೆ ಪುನರ್ಜನ್ಮವಿಲ್ಲ.

ಗುಡ್ಡದ ತಪ್ಪಲಿನ ಕುರುಚಲು ಕಾಡೂ ಹುಲ್ಲುಗಾವಲೂ ಇಷ್ಟೇ ಅಲಕ್ಷಿತ. ಕಾರೆ, ಕವಳೆ, ತಂಗಡಿ, ಬಂದುರುಬು, ಕಗ್ಗಲಿ, ಮುತ್ತುಗ ಮುಂತಾದ ಗಿಡಮರಗಳು ಬಿಡಿಬಿಡಿಯಾಗಿ ನಿಂತ ಈ ನೆಲ ಬೇಸಗೆಯಲ್ಲಿ ಬರಡಾಗಿ ಕಂಡರೂ ಮುಂಗಾರಿನ ಮೊದಲ ಹದ ಬಿದ್ದೊಡನೆ ಗೆಡ್ಡೆಗಳಿಂದ ಎದ್ದುಬರುವ ಗೌರಿಹೂವಿನಂತಹ ಸಸ್ಯಗಳಿಂದ ತುಂಬಿಕೊಳ್ಳುತ್ತದೆ. ಹುಲ್ಲುಗಾವಲಿನ ಜೀವರಾಶಿಯ ದೊಡ್ಡ ಪಾಲು ನೆಲದ ಕೆಳಗೆ ಬೇರು, ಗೆಡ್ಡೆ, ಬೀಜಗಳ ರೂಪದಲ್ಲಿ ಇರುತ್ತದಾದ್ದರಿಂದ ಮೇಲಿನಿಂದ ನೋಡಿದವರಿಗೆ ಅದು ಖಾಲಿ ಜಾಗವೆಂದೇ ತೋರುತ್ತದೆ. ಕಂದಾಯ ದಾಖಲೆಗಳು ಅದನ್ನು ಖರಾಬು, ಬಂಜರು ಎಂದು ಬರೆದುಕೊಂಡದ್ದರಿಂದ ಹಂಚಿಕೆಗೂ ಕಟ್ಟಡಕ್ಕೂ ಮೊದಲು ಕಣ್ಣಿಗೆ ಬೀಳುವ ನೆಲವೂ ಅದೇ ಆಯಿತು. ಇನ್ನೂ ಶೋಚನೀಯವಾದುದೆಂದರೆ ಹಸಿರೀಕರಣದ ಸದುದ್ದೇಶದಿಂದಲೇ ಅಲ್ಲಿ ನೀಲಗಿರಿ, ಅಕೇಶಿಯ ನೆಟ್ಟದ್ದು: ಬಿಸಿಲನ್ನು ಬೇಡುವ ಹುಲ್ಲು ಮತ್ತು ಗೆಡ್ಡೆಸಸ್ಯಗಳು ಒತ್ತಾದ ನೆಡುತೋಪಿನ ನೆರಳಿನಲ್ಲಿ ಬದುಕಲಾರದೆ ಅಳಿದುವು. ಅರಕಲಗೂಡು, ಹೊಳೆನರಸೀಪುರ ಕಡೆಯ ಹೊಗೆಸೊಪ್ಪಿನ ಬೆಳೆಗಾರರು ಎಲೆ ಹದಮಾಡುವ ಬ್ಯಾರನ್‌ಗಳಿಗೆ ಸೌದೆಯನ್ನೇ ಆಶ್ರಯಿಸಿದ್ದು ಉಳಿದ ಮರಗಳ ಮೇಲೂ ಒತ್ತಡ ತಂದಿದೆ. ಲಂಟಾನ ಮತ್ತು ಪಾರ್ಥೇನಿಯಂ ಕಳೆಗಳ ಹಾವಳಿಯಂತೂ ಎಲ್ಲರೂ ಬಲ್ಲದ್ದೇ.

ಇಂತಹ ನೆಲಕ್ಕೂ ರಕ್ಷಣೆ ಸಾಧ್ಯವೆಂಬುದಕ್ಕೆ ನಿದರ್ಶನಗಳು ದೂರವೇನೂ ಇಲ್ಲ. ಮೈಸೂರು ಅರಸರ ಕಾಲದಲ್ಲಿ ಅಮೃತಮಹಲ್ ದನಗಳ ಮೇವಿಗೆಂದು ಕಾಯ್ದಿಟ್ಟಿದ್ದ ಕಾವಲುಗಳು ಒಂದು ಕಾಲಕ್ಕೆ ನಾಲ್ಕು ಲಕ್ಷ ಎಕರೆಗೂ ಮಿಕ್ಕಿದ್ದು ಈಗ ಅದರ ಸಣ್ಣ ಪಾಲು ಮಾತ್ರ ಉಳಿದಿದೆ. ಅವುಗಳಲ್ಲಿ ಕಡೂರು ತಾಲ್ಲೂಕಿನ ಬಾಸೂರು ಕಾವಲನ್ನು 2011ರಲ್ಲಿ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. ಕೇವಲ ಏಳು ಚದರ ಕಿಲೊಮೀಟರ್ ಚಿಲ್ಲರೆಯ ಈ ಹುಲ್ಲುಗಾವಲು ಕೃಷ್ಣಮೃಗಗಳ ಹೆಸರಿನಲ್ಲಿ ಉಳಿದರೂ ಅದರೊಡನೆ ಒಂದು ಇಡೀ ಆವಾಸವೇ ಉಳಿಯಿತು. ಚನ್ನರಾಯಪಟ್ಟಣದ ಆಗ್ನೇಯಕ್ಕಿರುವ ಮೇಲುಕೋಟೆಯಲ್ಲಿ ತೋಳಗಳ ರಕ್ಷಣೆಗೆಂದು 1974ರಲ್ಲಿ ವನ್ಯಜೀವಿಧಾಮ ಏರ್ಪಟ್ಟಾಗ ಅಲ್ಲಿನ ಒಣ ಕುರುಚಲು ಕಾಡಿನಲ್ಲಿ ಬೆಳೆಯುವ, ಹೂಬಿಡುವ ಸಸ್ಯಗಳಿಗಿಂತಲೂ ಪ್ರಾಚೀನ ವಂಶಕ್ಕೆ ಸೇರಿದ ಸೈಕಸ್ ಗಿಡಗಳಿಗೂ ಆಸರೆ ಸಿಕ್ಕಿತು. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿಯಂತೂ ದೇವಸ್ಥಾನದ ಬಳಿಯ ಕಾವೇರಿಯ ಮಡುವಿನಲ್ಲಿ ಮೀನು ಹಿಡಿಯಬಾರದೆಂಬ ಭಕ್ತರ ಕಟ್ಟುಪಾಡೇ ಹೊಳೆಯ ಒಂದು ತುಣುಕನ್ನು ಕಾದಿದೆ. ಚಿಕ್ಕದಾದರೂ ಸರಿಯಾದ ತಾಣವನ್ನು ಸರಿಯಾಗಿ ಕಾದರೆ ಫಲವಿದೆಯೆಂಬ ಈ ತಿಳಿವಳಿಕೆಯನ್ನು ಬ್ರಿಟನ್ 1949ರಲ್ಲಿಯೇ ಕಾನೂನಾಗಿ ರೂಪಿಸಿತು; ಅಲ್ಲಿ ‘ವಿಶೇಷ ವೈಜ್ಞಾನಿಕ ಆಸಕ್ತಿಯ ತಾಣ’ ಎಂಬ ವರ್ಗದಡಿ ಒಂದು ಹುಲ್ಲುಹಾಸು, ಒಂದು ಜೌಗು ಕೂಡ ರಕ್ಷಣೆ ಪಡೆಯುತ್ತದೆ.

ಭಾರತದ ಕಾನೂನು ಪ್ರಾಣಿಗಳಿಗೆ ತೋರಿದ ಕಾಳಜಿಯನ್ನು ಸಸ್ಯಗಳಿಗೆ ಬಹುಕಾಲ ತೋರಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1991ರ ತಿದ್ದುಪಡಿಯ ಮೂಲಕ ಸಸ್ಯಗಳ ಅನುಸೂಚಿ ಸೇರಿದಾಗ ದೇಶಕ್ಕೆಲ್ಲ ಅದರಲ್ಲಿ ಇದ್ದದ್ದು ಆರೇ ನಮೂದುಗಳು. 2002ರ ಜೀವವೈವಿಧ್ಯ ಕಾಯ್ದೆ ಬೇರೊಂದು ದಾರಿ ತೆರೆಯಿತು. ಅದರ 37ನೆಯ ಕಲಮಿನನ್ವಯ ರಾಜ್ಯ ಸರ್ಕಾರವು ಸ್ಥಳೀಯ ಸಂಸ್ಥೆಗಳೊಡನೆ ಸಮಾಲೋಚಿಸಿ ಜೀವವೈವಿಧ್ಯದ ದೃಷ್ಟಿಯಿಂದ ಮುಖ್ಯವಾದ ಪ್ರದೇಶವನ್ನು ಪರಂಪರೆಯ ತಾಣವೆಂದು ಘೋಷಿಸಬಹುದು. ದೇವನಹಳ್ಳಿ ಬಳಿಯ ನಲ್ಲೂರಿನ ಹುಣಿಸೆ ತೋಪು 2007ರಲ್ಲಿ ದೇಶದ ಮೊತ್ತಮೊದಲ ಇಂತಹ ತಾಣವಾದದ್ದು ಕರ್ನಾಟಕದ ಹೆಮ್ಮೆ. 41ನೆಯ ಕಲಮು ಪ್ರತಿ ಸ್ಥಳೀಯ ಸಂಸ್ಥೆಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕೆನ್ನುತ್ತದೆ. ಊರಿನ ಗಿಡಮರ, ಬಳ್ಳಿ, ಬೆಳೆ, ಜೀವಿಗಳನ್ನೂ ಅವುಗಳ ಬಗೆಗಿನ ಜನರ ತಿಳಿವಳಿಕೆಯನ್ನೂ ಬರೆದಿಡುವ ಜನತಾ ಜೀವವೈವಿಧ್ಯ ದಾಖಲಾತಿ ಈ ಸಮಿತಿಯ ಹೊಣೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇದಕ್ಕೆ 2020ರ ಜನವರಿ 31ರ ಗಡುವು ವಿಧಿಸಿತ್ತು. ಗಡುವಿಗಾಗಿ ತುಂಬಿದ ಪುಸ್ತಕ ಊರಿನ ಬಳಕೆಗೆ ಬಾರದು. ಋತುಋತುವಿಗೂ ಅದನ್ನು ತೆರೆದು ತಿದ್ದುವ ಸಮಿತಿಯಿದ್ದರೆ ಮಾತ್ರ ದಾಖಲಾತಿಗೆ ಬೆಲೆ.

ಈ ಕೆಲಸಕ್ಕೆ ಹಾಸನ ಜಿಲ್ಲೆಯಲ್ಲಿ ಇರುವಷ್ಟು ಅನುಕೂಲ ಬೇರೆ ಜಿಲ್ಲೆಗಳಿಗೆ ಸಿಗುವುದು ಕಷ್ಟ. ಅರ್ಧ ಶತಮಾನದ ಹಿಂದೆ ಯಾವ ಸಸ್ಯ ಯಾವ ಕಡೆ ಇತ್ತೆಂಬ ದಾಖಲೆಯನ್ನು ಹಿಡಿದು ಕಾಲೇಜುಗಳ ಸಸ್ಯಶಾಸ್ತ್ರ ವಿಭಾಗಗಳು ಮತ್ತೆ ಅದೇ ಗುಡ್ಡ, ಅದೇ ಕೆರೆಯಂಗಳಗಳಿಗೆ ಹೋಗಿ ನೋಡಿದರೆ ಏನು ಉಳಿದಿದೆ, ಏನು ಹೋಗಿದೆ ಎಂಬುದು ಖಚಿತವಾಗುತ್ತದೆ. ಆಗ ಉಳಿದ ತಾಣಗಳ ಎಲ್ಲೆಯನ್ನು ಗುರುತಿಸುವುದು, ಅಲ್ಲಿ ಕಲ್ಲುಗಣಿಗೆ ಪರವಾನಗಿ ಕೊಡದಿರುವುದು, ಹೊರಗಿನ ಮರಗಳನ್ನು ನೆಡದಿರುವುದು, ಕಳೆ ಕೀಳುವುದು, ದನಕುರಿಗಳ ಮೇವಿಗೆ ಹದವಾದ ಸರದಿ ಗೊತ್ತುಮಾಡುವುದು ಎಲ್ಲವೂ ಪಂಚಾಯಿತಿಯ ಅಳವಿನಲ್ಲಿಯೇ ಆರಂಭವಾಗಬಹುದಾದ ಕಾರ್ಯಗಳು. ಮೇಯಿಸುವವರನ್ನೂ ಬೇರುನಾರು ಬಲ್ಲ ಹಿರಿಯರನ್ನೂ ಹೊರಗಿಟ್ಟು ಬೇಲಿ ಹಾಕಿದರೆ ಇದು ಸಾಗದು, ಏಕೆಂದರೆ ಕಾವಲುಗಳು ಇಷ್ಟು ಕಾಲ ಉಳಿದು ಬಂದದ್ದೇ ಮೇಯುವ ದನಗಳಿಂದ ಮತ್ತು ಕಾಯುವ ಜನರಿಂದ. ಶೆಟ್ಟಿಹಳ್ಳಿಯ ಸುತ್ತಲಿನ ಹಾಗೂ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಗ್ರಾಮ ಪಂಚಾಯಿತಿಗಳು ಮುಂದಿನ ಮುಂಗಾರಿಗೆ ಮೊದಲೇ ತಮ್ಮ ಜೀವವೈವಿಧ್ಯ ನಿರ್ವಹಣಾ ಸಮಿತಿಯ ಸಭೆ ಕರೆದು, ತಮ್ಮ ಎಲ್ಲೆಯೊಳಗಿನ ಒಂದಾದರೂ ಬಂಡೆಗುಡ್ಡವನ್ನೋ ಕಾವಲನ್ನೋ ಹೆಸರಿಸಿ ಪರಂಪರೆಯ ತಾಣದ ಪ್ರಸ್ತಾವವನ್ನು ಕರ್ನಾಟಕ ಜೀವವೈವಿಧ್ಯ ಮಂಡಳಿಗೆ ಕಳುಹಿಸಬೇಕು, ಗ್ರಾಮಸಭೆಗೆ ಹೋಗುವ ಓದುಗರು ಈ ಬೇಡಿಕೆಯನ್ನು ಅಲ್ಲಿ ಎತ್ತಬೇಕು.