ಕ್ಯಾಲೆಂಡುಲಾ: ತರಚುಗಾಯಕ್ಕೆ ಹೂವಿನ ಮುಲಾಮು

ಕ್ಯಾಲೆಂಡುಲಾ ಮೆಡಿಟರೇನಿಯನ್ ಸಮುದ್ರದ ಆಸುಪಾಸಿನ ಹೂಗಿಡ. ಇಂಗ್ಲಿಷಿನಲ್ಲಿ ‘ಪಾಟ್ ಮಾರಿಗೋಲ್ಡ್’ ಎಂಬ ಹೆಸರೂ ಇರುವುದರಿಂದ ಹಬ್ಬದ ತೋರಣದ ಚೆಂಡುಹೂವೇ ಇದೆಂದು ತಿಳಿಯುವವರುಂಟು. ಎರಡೂ ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದವು, ಆದರೆ ಕುಲ ಬೇರೆ. ಚೆಂಡುಹೂವಿನ ತವರು ಮೆಕ್ಸಿಕೊ. ಎಲೆ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಚೆಂಡುಹೂವಿನದು ಗರಿಯಂತೆ ಸೀಳಿದ, ಘಾಟು ವಾಸನೆಯ ಎಲೆ; ಕ್ಯಾಲೆಂಡುಲಾದ್ದು ಸೀಳಿಲ್ಲದ ನೀಳ ಎಲೆ. ಬೀಜವಂತೂ ಬೆಕ್ಕಿನ ಉಗುರಿನಂತೆ ಬಾಗಿರುತ್ತದೆ.

ಹೂ ಕೀಳುವಾಗ ಬೆರಳಿಗೆ ಅಂಟು ಹತ್ತುತ್ತದೆ. ದಳಗಳ ಕೆಳಗಿನ ಹಸಿರು ಬಟ್ಟಲಿನಲ್ಲಿ ಈ ರಾಳ ಹೆಚ್ಚು. ಆದ್ದರಿಂದ ಮನೆಮದ್ದಿಗೆ ದಳಗಳನ್ನಷ್ಟೇ ಬಿಡಿಸದೆ ಇಡೀ ಹೂವನ್ನು ಬಳಸುವುದು ರೂಢಿ. ಉರಿಯೂತ ತಗ್ಗಿಸುವ ಗುಣವನ್ನು ಮುಖ್ಯವಾಗಿ ಫ್ಯಾರಾಡಿಯಾಲ್ ಎಂಬ ಸಂಯುಕ್ತದ ಎಸ್ಟರುಗಳಿಗೆ ಸಲ್ಲಿಸಲಾಗಿದೆ. ಇವು ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಇಳಿಯುತ್ತವೆ.

ಎಣ್ಣೆ ತಯಾರಿಸಲು ಹೂವನ್ನು ನೆರಳಿನಲ್ಲಿ ಗರಿಗರಿಯಾಗುವ ತನಕ ಒಣಗಿಸಬೇಕು. ಪಸೆ ಉಳಿದರೆ ಎಣ್ಣೆಗೆ ಬೂಷ್ಟು ಹಿಡಿಯುತ್ತದೆ. ಒಣಹೂವನ್ನು ಗಾಜಿನ ಜಾಡಿಗೆ ತುಂಬಿ, ಮುಳುಗುವಷ್ಟು ಆಲಿವ್ ಎಣ್ಣೆ ಹೊಯ್ದು, ನಾಲ್ಕು ವಾರ ಇಟ್ಟು, ಬಟ್ಟೆಯಲ್ಲಿ ಸೋಸಬೇಕು. ಈ ಎಣ್ಣೆ 100 ಮಿ.ಲೀ.ಗೆ ಸುಮಾರು 15 ಗ್ರಾಂ ಜೇನುಮೇಣ ಕರಗಿಸಿ ಆರಿಸಿದರೆ ಮುಲಾಮು ಸಿದ್ಧ. ಗಾಯ ತೊಳೆಯಲು ಅಥವಾ ಒದ್ದೆ ಬಟ್ಟೆ ಹಾಕಲು 150 ಮಿ.ಲೀ. ಕುದಿನೀರಿನಲ್ಲಿ 1–2 ಗ್ರಾಂ ಒಣಹೂ ನೆನೆಸಿದ ಕಷಾಯ ಸಾಕು. ಅದನ್ನು ಅಂದಂದೇ ಮಾಡಿಕೊಳ್ಳಬೇಕು.

ತರಚುಗಾಯ, ಬಿಸಿಲಿನಿಂದ ಚರ್ಮ ಕೆಂಪಾಗುವುದು, ಬಾಯಿ–ಗಂಟಲಿನ ಸಣ್ಣ ಉರಿ, ಇಷ್ಟಕ್ಕೆ ಮಾತ್ರ ಐರೋಪ್ಯ ಔಷಧ ಸಂಸ್ಥೆ ಇದನ್ನು ಒಪ್ಪಿದೆ. ಆ ಒಪ್ಪಿಗೆಗೂ ದೀರ್ಘಕಾಲದ ಬಳಕೆಯೇ ಆಧಾರ. ಫ್ರಾನ್ಸಿನಲ್ಲಿ ನಡೆದು 2004ರಲ್ಲಿ ಪ್ರಕಟವಾದ ಒಂದು ಪ್ರಯೋಗ ಗಮನಾರ್ಹ. ಸ್ತನ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಪಡೆಯುತ್ತಿದ್ದ 254 ಮಹಿಳೆಯರ ಪೈಕಿ, ಕ್ಯಾಲೆಂಡುಲಾ ಮುಲಾಮು ಹಚ್ಚಿದ ಗುಂಪಿನ ಶೇ 41ರಷ್ಟು ಮಂದಿಗೆ ಮಧ್ಯಮ ಅಥವಾ ತೀವ್ರ ಚರ್ಮದುರಿ ಕಾಣಿಸಿತು. ಹೋಲಿಕೆಗಾಗಿ ಟ್ರೋಲಮಿನ್ ಎಂಬ ಲೇಪ ಹಚ್ಚಿದವರಲ್ಲಿ ಅದು ಶೇ 63.

ಸೇವಂತಿಗೆ, ಪಾರ್ಥೇನಿಯಂ ಅಲರ್ಜಿ ಇದ್ದವರಿಗೆ ಅದೇ ಕುಟುಂಬದ ಈ ಹೂವೂ ತುರಿಕೆ ತರಬಹುದು. ಮೊದಲು ಮುಂಗೈಗೆ ಚೂರು ಹಚ್ಚಿ ಒಂದು ದಿನ ಕಾಯುವುದು ಕ್ಷೇಮ. ಆರು ವರ್ಷದೊಳಗಿನ ಮಕ್ಕಳ ಚರ್ಮಕ್ಕೆ ಬಳಸಬಾರದೆಂದು ಅದೇ ಸಂಸ್ಥೆ ಸೂಚಿಸುತ್ತದೆ. ಆಳದ ಗಾಯ, ಕೀವು, ಪ್ರಾಣಿಯ ಕಡಿತ, ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು ವೈದ್ಯರ ಪಾಲಿನವು.